87ರ ಅಜ್ಜ ಬರೆದ ಹುಡುಗನ ಕಥೆ

ಪದವಿ ಮುಗಿಸಿ ಆರು ತಿಂಗಳು ಮನೆಯಲ್ಲಿ ಕೂತ ಮೇಲೆ ನನಗೊಂದು ಕೆಲಸ ಸಿಕ್ಕಿತು. ಫೋನ್ ಮಾಡಿ ಪಾಲಿಸಿ ಮಾರುವ ಕೆಲಸ. ಮೂರನೇ ದಿನ ಟೀಮ್ ಲೀಡರ್ ಒಂದು ಹಾಳೆ ಕೈಗಿಟ್ಟರು. ಗ್ರಾಹಕರು ಏನು ಕೇಳಿದರೆ ಏನು ಹೇಳಬೇಕು ಅಂತ ಅದರಲ್ಲಿ ಬರೆದಿತ್ತು. ಅದರಲ್ಲಿ ಎರಡು ಸಾಲು ಶುದ್ಧ ಸುಳ್ಳು. ಅಲ್ಲಿ ನಾನು ನಾಲ್ಕು ತಿಂಗಳು ಇದ್ದೆ. ಆ ಎರಡು ಸಾಲುಗಳನ್ನು ನಾನೂ ಹೇಳಿದೆ ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ.

ಕೆಲಸ ಬಿಟ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಲೈಬ್ರರಿಗೆ ಹೋಗತೊಡಗಿದಾಗ ಒಂದು ದಿನ ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ನಾಟಕದ ಬಗ್ಗೆ ನೋಟ್ಸ್ ಮಾಡಿಕೊಳ್ಳುತ್ತಿದ್ದೆ. ಮಹಾಭಾರತದ ಕಥೆಯಾದರೂ ಅದರ ಅಚ್ಚು ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಏಜಾಕ್ಸ್’ ಎಂದು ತಿಳಿಯಿತು. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಆದರೆ ಈ ಸೊಫೋಕ್ಲಿಸ್ ಯಾರು ಅಂತ ಹುಡುಕುತ್ತಾ ಹೋದವನಿಗೆ ಆ ವಾರದ ಕರೆಂಟ್ ಅಫೇರ್ಸ್ ಪೂರ್ತಿ ಬಾಕಿ ಉಳಿಯಿತು.

ಕ್ರಿ.ಪೂ. 496ರ ಸುಮಾರಿಗೆ ಅವನು ಹುಟ್ಟಿದ್ದು ಅಥೆನ್ಸ್ ನಗರದ ಹೊರಗೆ, ಒಂದೂವರೆ-ಎರಡು ಕಿಲೋಮೀಟರ್ ದೂರದ ಕೊಲೋನಸ್ ಎಂಬ ಊರಲ್ಲಿ. ತಂದೆ ಸೊಫಿಲಸ್ ಆಯುಧ ತಯಾರಿಸುವ ಕಾರ್ಖಾನೆ ಇಟ್ಟುಕೊಂಡಿದ್ದ ಶ್ರೀಮಂತ. ಯುದ್ಧದ ಮೇಲೆ ಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ ಆ ವ್ಯಾಪಾರ ಹೇಗೆ ನಡೆದಿರಬೇಕು ಎಂದು ಹೇಳಬೇಕಾಗಿಲ್ಲ. ಹುಡುಗನಿಗೆ ಸಂಗೀತ, ಕುಣಿತ, ಕುಸ್ತಿ ಎಲ್ಲವನ್ನೂ ಕಲಿಸಿದರು. ನೋಡಲೂ ಚೆನ್ನಾಗಿದ್ದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕೊಲ್ಲಿಯಲ್ಲಿ ಗ್ರೀಕರು ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಸೋಲಿಸಿದಾಗ ವಿಜಯದ ಹಾಡು ಹಾಡಿದ ಹುಡುಗರ ಮೇಳಕ್ಕೆ ಇವನೇ ಮುಂದಾಳು. ಆಗ ವಯಸ್ಸು ಹದಿನಾರರ ಆಸುಪಾಸು. ಆ ಯುದ್ಧದಲ್ಲಿ ಈಸ್ಕಿಲಸ್ ಹೋರಾಡಿದ, ಸೊಫೋಕ್ಲಿಸ್ ಕುಣಿದ, ಯೂರಿಪಿಡೀಸ್ ಅದೇ ದಿನ ಹುಟ್ಟಿದ ಅಂತ ಗ್ರೀಕರು ತಮ್ಮ ಮೂವರು ನಾಟಕಕಾರರನ್ನು ಒಂದೇ ದಿನಕ್ಕೆ ಪೋಣಿಸಿ ಕಥೆ ಹೇಳುತ್ತಿದ್ದರು. ಮೂರನೆಯದು ಕಟ್ಟುಕಥೆ ಇರಬಹುದು. ನೆನಪಿಟ್ಟುಕೊಳ್ಳಲು ಮಾತ್ರ ಸುಲಭ.

ಅಥೆನ್ಸಿನಲ್ಲಿ ನಾಟಕ ಎಂದರೆ ಟಿಕೆಟ್ ತೆಗೆದು ಸಂಜೆ ನೋಡಿ ಬರುವ ಮನರಂಜನೆ ಆಗಿರಲಿಲ್ಲ. ವರ್ಷಕ್ಕೊಮ್ಮೆ ವಸಂತದಲ್ಲಿ ಡಯೊನೈಸಸ್ ದೇವರ ಉತ್ಸವ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಜನ ಬೆಳಿಗ್ಗೆಯಿಂದಲೇ ಕೂರುತ್ತಿದ್ದರು. ನಮ್ಮ ಬಯಲಾಟ ನೋಡಿದವರಿಗೆ ಆ ವಾತಾವರಣ ಅರ್ಥವಾಗುತ್ತದೆ. ಆದರೆ ಅವರದು ಹಗಲಿನ ಆಟ, ಜೊತೆಗೆ ಸ್ಪರ್ಧೆ. ಮೂವರು ಕವಿಗಳು, ಒಬ್ಬೊಬ್ಬನದು ಮೂರು ದುರಂತ ನಾಟಕ, ಕೊನೆಗೊಂದು ಹಾಸ್ಯದ ಆಟ. ಮೇಳದ ಖರ್ಚನ್ನು ಊರಿನ ಒಬ್ಬ ಶ್ರೀಮಂತನ ತಲೆಗೆ ಕಟ್ಟುತ್ತಿದ್ದರು. ಪಾತ್ರಧಾರಿಗಳೆಲ್ಲ ಗಂಡಸರು, ಮುಖಕ್ಕೆ ಮುಖವಾಡ. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ನಾಟಕ ಶುರುವಾಗುವ ಮೊದಲು, ಅಥೆನ್ಸಿಗೆ ಅಧೀನವಾಗಿದ್ದ ಊರುಗಳು ಕಟ್ಟಿದ ಕಪ್ಪವನ್ನು ರಂಗದಲ್ಲಿ ಎಲ್ಲರಿಗೂ ಕಾಣುವಂತೆ ತಂದಿಡುತ್ತಿದ್ದರು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗರು ವಯಸ್ಸಿಗೆ ಬಂದಾಗ ಊರೇ ಕೊಟ್ಟ ಕವಚ ತೊಟ್ಟು ಅದೇ ಜಾಗದಲ್ಲಿ ನಡೆದುಹೋಗುತ್ತಿದ್ದರು. ಅಷ್ಟೆಲ್ಲ ವೈಭವ ಮುಗಿದ ಮೇಲೆ ಅದೇ ನೆಲದ ಮೇಲೆ ಒಬ್ಬ ರಾಜ ತಪ್ಪು ಮಾಡಿ ನಾಶವಾಗುವುದನ್ನು ಅದೇ ಜನ ನೋಡುತ್ತಿದ್ದರು. ಗ್ರೀಕ್ ನಾಟಕ ತತ್ವಚಿಂತನೆ ಆಗಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈ ಚಿತ್ರವನ್ನೇ ಹೇಳುತ್ತೇನೆ. ಹೆಮ್ಮೆಯ ಮೆರವಣಿಗೆ ಮುಗಿದ ಮರುಗಳಿಗೆಯಲ್ಲೇ ಹೆಮ್ಮೆಯ ಮೇಲೆ ಪ್ರಶ್ನೆ.

ಕ್ರಿ.ಪೂ. 468ರಲ್ಲಿ ಸೊಫೋಕ್ಲಿಸ್ ಈ ಸ್ಪರ್ಧೆಯಲ್ಲಿ ಈಸ್ಕಿಲಸನನ್ನು ಸೋಲಿಸಿದ. ಗೆದ್ದವನಿಗೆ ಇಪ್ಪತ್ತೆಂಟರ ಸುಮಾರು, ಸೋತವನು ಆ ಕಾಲದ ಮಹಾಕವಿ. ಪ್ರೇಕ್ಷಕರ ನಡುವೆ ಎಷ್ಟು ಗದ್ದಲವಾಯಿತೆಂದರೆ, ಚೀಟಿ ಎತ್ತುವುದನ್ನು ಬಿಟ್ಟು ಯುದ್ಧ ಗೆದ್ದು ಬಂದಿದ್ದ ದಂಡನಾಯಕ ಕೈಮನ್ ಮತ್ತು ಅವನ ಜೊತೆಗಾರರನ್ನೇ ತೀರ್ಪುಗಾರರನ್ನಾಗಿ ಕೂರಿಸಿದರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಅಲ್ಲಿಂದ ಮುಂದೆ ಅರುವತ್ತು ವರ್ಷ ಇವನು ಬರೆಯುತ್ತಲೇ ಇದ್ದ. 120ಕ್ಕೂ ಹೆಚ್ಚು ನಾಟಕ. ಆ ದೊಡ್ಡ ಉತ್ಸವದಲ್ಲೇ 18 ಸಲ ಮೊದಲ ಬಹುಮಾನ. ಮೂರನೇ ಸ್ಥಾನಕ್ಕೆ ಒಮ್ಮೆಯೂ ಇಳಿಯಲಿಲ್ಲವಂತೆ. ಮೊದಮೊದಲು ಪಾತ್ರವನ್ನೂ ಮಾಡುತ್ತಿದ್ದವನು ಧ್ವನಿ ಸಣ್ಣದಾದ್ದರಿಂದ ನಟನೆ ಬಿಟ್ಟ. ಆದರೆ ರಂಗಕ್ಕೆ ಮೂರನೇ ನಟನನ್ನು ತಂದವನು ಇವನೇ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಕೇಳಲು ಸಣ್ಣ ವಿಷಯ. ಇಬ್ಬರೇ ಇದ್ದಾಗ ಒಬ್ಬ ಹೇಳುತ್ತಾನೆ, ಇನ್ನೊಬ್ಬ ಉತ್ತರಿಸುತ್ತಾನೆ. ಮೂರನೆಯವನು ಬಂದು ನಿಂತರೆ, ಇಬ್ಬರ ಮಾತು ಕೇಳಿಸಿಕೊಂಡು ಮನಸ್ಸು ಬದಲಿಸುವವನೊಬ್ಬ ಸಿಗುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನು ಬರೀ ಕವಿಯಾಗಿ ಬದುಕಲಿಲ್ಲ. ಕ್ರಿ.ಪೂ. 443ರಲ್ಲಿ ಅಥೆನ್ಸಿನ ಖಜಾಂಚಿಗಳಲ್ಲಿ ಒಬ್ಬ. ಅಂದರೆ ರಂಗದಲ್ಲಿ ಪ್ರದರ್ಶಿಸುತ್ತಿದ್ದ ಕಪ್ಪದ ಲೆಕ್ಕ ನೋಡಿದವರಲ್ಲಿ ಇವನೂ ಇದ್ದ. ಎರಡು ವರ್ಷ ಬಿಟ್ಟು ಪೆರಿಕ್ಲಿಸನ ಜೊತೆ ಹತ್ತು ದಂಡನಾಯಕರಲ್ಲಿ ಒಬ್ಬನಾಗಿ ಆರಿಸಿ ಬಂದ. ‘ಆಂಟಿಗೊನೆ’ ನಾಟಕ ಜನರಿಗೆ ಅಷ್ಟು ಹಿಡಿಸಿದ್ದರಿಂದಲೇ ಆರಿಸಿದರು ಎಂಬ ಮಾತು ಹಳೆಯ ಕಾಲದಿಂದಲೂ ಇದೆ.

ಆ ನಾಟಕದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಕನ್ನಡದಲ್ಲಿ ಪಿ. ಲಂಕೇಶರ ಅನುವಾದವಿದೆ. ಥೀಬ್ಸ್ ಪಟ್ಟಣದ ಇಬ್ಬರು ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಹೊಸ ರಾಜ, ಅವರ ಸೋದರಮಾವ ಕ್ರಿಯಾನ್, ಊರಿನ ಪರ ನಿಂತವನಿಗೆ ಸಂಸ್ಕಾರ ಮಾಡಿಸಿ, ಊರಿನ ಮೇಲೆ ದಂಡೆತ್ತಿ ಬಂದವನ ಹೆಣ ನಾಯಿ-ಹದ್ದುಗಳಿಗೆ ಬೀಳಲಿ ಎಂದು ಆಜ್ಞೆ ಮಾಡುತ್ತಾನೆ. ತಂಗಿ ಆಂಟಿಗೊನೆ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕುತ್ತಾಳೆ. ಧೈರ್ಯ ಎಂದರೇನು, ನ್ಯಾಯ ಎಂದರೇನು ಎಂದು ತತ್ವಜ್ಞಾನಿ ವ್ಯಾಖ್ಯೆ ಹುಡುಕುತ್ತಾನೆ. ಸೊಫೋಕ್ಲಿಸ್ ಒಂದು ಹೆಣವನ್ನು ನಡುವೆ ಇಟ್ಟು, ಆ ಕಡೆ ಈ ಕಡೆ ಇಬ್ಬರನ್ನು ನಿಲ್ಲಿಸಿ ಮಾತಾಡಲು ಬಿಡುತ್ತಾನೆ. ಇಬ್ಬರದೂ ಸರಿಯಾದ ಹಕ್ಕುಗಳೇ, ಅದಕ್ಕೇ ಇದು ದುರಂತ ಎಂದು ಜರ್ಮನಿಯ ಹೆಗೆಲ್ ಎರಡು ಸಾವಿರ ವರ್ಷದ ನಂತರ ವಿವರಿಸಿದ. ನನಗೆ ಹಾಗನ್ನಿಸಲಿಲ್ಲ. ನಾಟಕದ ಕೊನೆಗೆ ತಾನು ತಪ್ಪಿದೆ ಎಂದು ಒಪ್ಪಿಕೊಳ್ಳುವವನು ಕ್ರಿಯಾನ್ ಒಬ್ಬನೇ. ಆ ಹೊತ್ತಿಗೆ ಆಂಟಿಗೊನೆ, ಅವಳನ್ನು ಮದುವೆಯಾಗಬೇಕಿದ್ದ ಅವನ ಮಗ, ಅವನ ಹೆಂಡತಿ ಮೂವರೂ ಹೋಗಿರುತ್ತಾರೆ. ಆದರೆ ಆಂಟಿಗೊನೆಯೂ ಮುದ್ದು ಹುಡುಗಿ ಅಲ್ಲ. ಮೊದಲು ಹೆದರಿ ಆಮೇಲೆ ಜೊತೆಗೆ ಸಾಯುತ್ತೇನೆಂದು ಬಂದ ಸ್ವಂತ ಅಕ್ಕತಂಗಿ ಇಸ್ಮೀನೆಯನ್ನು ಅವಳು ದೂರ ತಳ್ಳುವ ರೀತಿ ಓದುವಾಗ ಕಸಿವಿಸಿಯಾಗುತ್ತದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಈ ನಾಟಕ ಆಡಿದರು. ಅದರಲ್ಲಿ ನೆಲ್ಸನ್ ಮಂಡೇಲಾ ಮಾಡಿದ್ದು ಕ್ರಿಯಾನನ ಪಾತ್ರ.

ದಂಡನಾಯಕನಾಗಿ ಸೊಫೋಕ್ಲಿಸ್ ಹೋದದ್ದು ಸೇಮಸ್ ದ್ವೀಪದ ಮೇಲಿನ ಯುದ್ಧಕ್ಕೆ. ತಮಾಷೆ ಎಂದರೆ ಎದುರಾಳಿಗಳ ನೌಕಾಪಡೆಯ ನಾಯಕ ಮೆಲಿಸಸ್ ಒಬ್ಬ ತತ್ವಜ್ಞಾನಿ. ಇರುವುದು ಒಂದೇ ವಸ್ತು, ಅದು ಎಂದೂ ಬದಲಾಗುವುದಿಲ್ಲ, ಬದಲಾವಣೆ ಎಂಬುದು ನಮ್ಮ ಇಂದ್ರಿಯಗಳ ಭ್ರಮೆ ಎಂಬುದು ಅವನ ವಾದ. ಈ ಕಡೆ ಇದ್ದವನೋ, ಬೆಳಿಗ್ಗೆ ರಾಜನಾಗಿದ್ದವನು ಸಂಜೆಗೆ ಭಿಕ್ಷುಕನಾಗುವುದನ್ನೇ ಬರೆದವನು. ಬದಲಾವಣೆ ಇಲ್ಲವೆಂದ ಮೆಲಿಸಸ್ ಒಮ್ಮೆ ಅಥೆನ್ಸಿನ ಹಡಗುಗಳನ್ನು ಸೋಲಿಸಿದ, ಕಡೆಗೆ ಅವನ ಊರೇ ಶರಣಾಯಿತು. ನಮ್ಮ ಕವಿಯ ಬಗ್ಗೆ ಪೆರಿಕ್ಲಿಸನಿಗೆ ದೊಡ್ಡ ಭರವಸೆ ಇರಲಿಲ್ಲ. ಕವಿತೆ ಬರುತ್ತದೆ, ದಂಡು ನಡೆಸಲು ಬರುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತಂತೆ.

ಕ್ರಿ.ಪೂ. 431ರಲ್ಲಿ ಸ್ಪಾರ್ಟಾದೊಡನೆ ದೊಡ್ಡ ಯುದ್ಧ ಶುರುವಾಯಿತು. ಮರುವರ್ಷ ಹಳ್ಳಿಗಳಿಂದ ಬಂದು ಕೋಟೆಯೊಳಗೆ ತುಂಬಿದ್ದ ಜನರ ನಡುವೆ ಮಹಾಮಾರಿ ಹಬ್ಬಿತು. ಪೆರಿಕ್ಲಿಸನೂ ಅದಕ್ಕೇ ಬಲಿಯಾದ. ‘ದೊರೆ ಈಡಿಪಸ್’ ಈ ಮಾರಿಯ ನಂತರದ ವರ್ಷಗಳದ್ದು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಏಕೆಂದರೆ ನಾಟಕ ಶುರುವಾಗುವುದೇ ಮಾರಿ ಹಬ್ಬಿದ ಪಟ್ಟಣದಲ್ಲಿ. ಇದನ್ನೂ ಲಂಕೇಶ್ ಕನ್ನಡಕ್ಕೆ ತಂದರು, ಬಿ.ವಿ. ಕಾರಂತರು ರಂಗಕ್ಕೆ ತಂದರು. ಸಿಂಹನಾರಿಯ ಒಗಟು ಬಿಡಿಸಿ ಊರನ್ನು ಕಾಪಾಡಿದ ಬುದ್ಧಿವಂತ ಈಡಿಪಸ್. ಹಿಂದಿನ ರಾಜನನ್ನು ಕೊಂದವನು ಊರಲ್ಲೇ ಇರುವುದರಿಂದ ಮಾರಿ ಬಂದಿದೆ ಎಂದು ಡೆಲ್ಫಿಯ ದೈವವಾಣಿ ಹೇಳುತ್ತದೆ. ಕೊಲೆಗಾರನನ್ನು ಹಿಡಿಯಲು ಹೊರಟವನು ಕೊನೆಗೆ ಹಿಡಿಯುವುದು ತನ್ನನ್ನೇ. ಕೊಂದದ್ದು ತಂದೆಯನ್ನು, ಕಟ್ಟಿಕೊಂಡದ್ದು ತಾಯಿಯನ್ನು.

ಇದನ್ನು ಹಣೆಬರಹದ ನಾಟಕ ಎಂದು ಗೈಡ್‌ಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಮಾತ್ರ ನಿಜ. ಕೊಲೆ, ಮದುವೆ ಎರಡೂ ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ನಾಟಕದಲ್ಲಿ ನಡೆಯುವುದು ತನಿಖೆ. ಸಾಕು, ಇಲ್ಲಿಗೆ ನಿಲ್ಲಿಸು ಎಂದು ಕುರುಡ ಕಾಲಜ್ಞಾನಿ ಹೇಳುತ್ತಾನೆ, ಹೆಂಡತಿ ಬೇಡಿಕೊಳ್ಳುತ್ತಾಳೆ, ಮುದಿ ಕುರಿಗಾಹಿ ಕಾಲಿಗೆ ಬೀಳುವುದೊಂದು ಬಾಕಿ. ನಿಲ್ಲಿಸುವಂತೆ ಯಾವ ದೇವರೂ ಹೇಳಲಿಲ್ಲ, ಮುಂದುವರಿಸುವಂತೆಯೂ ಹೇಳಲಿಲ್ಲ. ತಿಳಿಯಲೇಬೇಕೆಂಬ ಹಟ ಅವನದೇ. ಮನುಷ್ಯ ಎಂಬುದು ಒಗಟಿನ ಉತ್ತರವೆಂದು ಹೇಳಿದವನಿಗೆ ತಾನು ಯಾವ ಮನುಷ್ಯ ಎಂದು ಗೊತ್ತಿರಲಿಲ್ಲ. ಸಾಕ್ರಟೀಸ್ ಅದೇ ಊರಿನ ಬೀದಿಗಳಲ್ಲಿ, ಗೊತ್ತಿದೆ ಅಂದುಕೊಂಡವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾ ಓಡಾಡಿದ್ದೂ ಇದೇ ವರ್ಷಗಳಲ್ಲಿ. ಒಬ್ಬ ಸಂತೆಯಲ್ಲಿ ಮಾಡಿದ್ದನ್ನು ಇನ್ನೊಬ್ಬ ಗುಡ್ಡದ ಇಳಿಜಾರಿನಲ್ಲಿ ಮಾಡಿದ.

ಮುಂದೆ ಅರಿಸ್ಟಾಟಲ್ ಕಾವ್ಯದ ಬಗ್ಗೆ ಬರೆದಾಗ ಒಳ್ಳೆಯ ದುರಂತ ನಾಟಕಕ್ಕೆ ಮತ್ತೆ ಮತ್ತೆ ಉದಾಹರಣೆ ಕೊಟ್ಟದ್ದು ಇದನ್ನೇ. ಆದರೆ ಆ ವರ್ಷ ಇದಕ್ಕೆ ಸಿಕ್ಕಿದ್ದು ಎರಡನೇ ಬಹುಮಾನ. ಗೆದ್ದವನು ಫಿಲೊಕ್ಲಿಸ್, ಈಸ್ಕಿಲಸನ ಸೋದರಳಿಯ. ಅವನ ಒಂದು ನಾಟಕವೂ ಇವತ್ತು ಉಳಿದಿಲ್ಲ. ಮೆರಿಟ್ ಲಿಸ್ಟ್ ನೋಡಿ ಮುಖ ಸಪ್ಪೆ ಮಾಡಿಕೊಂಡ ಗೆಳೆಯನಿಗೆ ಇದನ್ನು ಹೇಳಿದೆ. ಅವನಿಗೇನೂ ಸಮಾಧಾನವಾಗಲಿಲ್ಲ.

ಈಗ ನನಗೆ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಕ್ರಿ.ಪೂ. 413ರಲ್ಲಿ ಅಥೆನ್ಸ್ ಸಿಸಿಲಿಗೆ ಕಳಿಸಿದ್ದ ದೊಡ್ಡ ದಂಡು ಸಂಪೂರ್ಣ ನಾಶವಾಯಿತು. ಹೆದರಿದ ಊರು ಹತ್ತು ಮಂದಿ ಹಿರಿಯರ ಸಮಿತಿಯೊಂದನ್ನು ಮಾಡಿತು. ಎಂಬತ್ತು ದಾಟಿದ್ದ ಸೊಫೋಕ್ಲಿಸ್ ಅದರಲ್ಲಿದ್ದ. ಎರಡು ವರ್ಷದೊಳಗೆ ಅಥೆನ್ಸಿನ ಪ್ರಜಾಪ್ರಭುತ್ವವನ್ನೇ ಕಿತ್ತುಹಾಕಿ ನಾನೂರು ಮಂದಿಯ ಕೂಟವೊಂದು ಅಧಿಕಾರ ಹಿಡಿಯಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಈ ಸಮಿತಿ. ಅರಿಸ್ಟಾಟಲ್ ಒಂದು ಪ್ರಸಂಗ ಹೇಳುತ್ತಾನೆ. ನಾನೂರು ಮಂದಿಯ ಕೈಗೆ ಅಧಿಕಾರ ಕೊಡಲು ನೀನೂ ಒಪ್ಪಿದೆಯಾ ಎಂದು ಸೊಫೋಕ್ಲಿಸನನ್ನು ಕೇಳಿದರು. ಹೌದು ಎಂದ. ಅದು ಕೆಟ್ಟದ್ದು ಅನ್ನಿಸಲಿಲ್ಲವೇ ಎಂದರು. ಅನ್ನಿಸಿತು ಎಂದ. ಹಾಗಾದರೆ ಕೆಟ್ಟದ್ದನ್ನೇ ಮಾಡಿದೆಯಲ್ಲ ಎಂದರು. ಮಾಡಿದೆ, ಅದಕ್ಕಿಂತ ಒಳ್ಳೆಯದು ಯಾವುದೂ ಇರಲಿಲ್ಲ ಎಂದ. ಆ ಸೊಫೋಕ್ಲಿಸ್ ನಮ್ಮ ಕವಿಯೇ ಎಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ನಾನೂರು ಮಂದಿಯ ಆಡಳಿತ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು.

ಅದಾದ ಎರಡೇ ವರ್ಷಕ್ಕೆ, ಕ್ರಿ.ಪೂ. 409ರಲ್ಲಿ, 87ರ ಆಸುಪಾಸಿನಲ್ಲಿದ್ದ ಈ ಅಜ್ಜ ‘ಫಿಲೊಕ್ಟೀಟಸ್’ ಎಂಬ ನಾಟಕ ಆಡಿಸಿದ. ಮೊದಲ ಬಹುಮಾನ ಬಂತು.

ಫಿಲೊಕ್ಟೀಟಸ್ ಟ್ರಾಯ್ ಯುದ್ಧಕ್ಕೆ ಹೊರಟ ವೀರ, ಹೆರಾಕ್ಲಿಸನ ಬಿಲ್ಲು ಅವನ ಬಳಿ ಇದೆ. ದಾರಿಯಲ್ಲಿ ಹಾವು ಕಚ್ಚಿ ಕಾಲು ಕೊಳೆಯುತ್ತದೆ. ನಾತ ಮತ್ತು ನರಳಾಟ ತಡೆಯಲಾರದೆ ಜೊತೆಗಾರರು ಅವನನ್ನು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟುಹೋಗುತ್ತಾರೆ. ಹತ್ತು ವರ್ಷ ಕಳೆಯುತ್ತದೆ. ಆ ಬಿಲ್ಲಿಲ್ಲದೆ ಟ್ರಾಯ್ ಬೀಳುವುದಿಲ್ಲ ಎಂದು ಆಮೇಲೆ ತಿಳಿಯುತ್ತದೆ. ಆಗ ಬಿಲ್ಲು ತರಲು ಚತುರ ಒಡಿಸ್ಯೂಸ್ ಹೊರಡುತ್ತಾನೆ. ಈಸ್ಕಿಲಸ್, ಯೂರಿಪಿಡೀಸ್ ಇಬ್ಬರೂ ಇದೇ ಕಥೆಯನ್ನು ಮೊದಲೇ ಬರೆದಿದ್ದರು. ಅವರ ನಾಟಕಗಳಲ್ಲಿ ದ್ವೀಪದಲ್ಲಿ ಜನರಿದ್ದರು. ಸೊಫೋಕ್ಲಿಸ್ ಜನರನ್ನು ತೆಗೆದುಹಾಕಿ ದ್ವೀಪವನ್ನು ಖಾಲಿ ಮಾಡಿದ. ಜೊತೆಗೆ ಹೊಸದಾಗಿ ಒಬ್ಬನನ್ನು ಸೇರಿಸಿದ. ಅವನು ಅಖಿಲಿಸನ ಮಗ ನಿಯೊಪ್ಟಾಲಿಮಸ್, ಇನ್ನೂ ಹುಡುಗ, ಯುದ್ಧ ಕಾಣದವನು. ಇದೇ ಆ ಮೂರನೆಯವನು.

ಹುಡುಗನಿಗೆ ಒಡಿಸ್ಯೂಸ್ ಕೆಲಸ ವಿವರಿಸುತ್ತಾನೆ. ಗ್ರೀಕರು ನನಗೂ ಅನ್ಯಾಯ ಮಾಡಿದರು, ಅಪ್ಪನ ಆಯುಧ ನನಗೆ ಕೊಡಲಿಲ್ಲ, ಅದಕ್ಕೆ ಮನೆಗೆ ಹೊರಟಿದ್ದೇನೆ ಎಂದು ಆ ರೋಗಿಗೆ ಹೇಳು, ನಂಬುತ್ತಾನೆ, ಬಿಲ್ಲು ಕೈಗೆ ಬಂದ ಮೇಲೆ ಆಯಿತು. ಬಲವಂತದಿಂದ ಬೇಕಾದರೆ ತರುತ್ತೇನೆ, ಸುಳ್ಳು ಬೇಡ ಎನ್ನುತ್ತಾನೆ ಹುಡುಗ. ಒಂದು ದಿನ ನಾಚಿಕೆ ಬಿಡು, ಆಮೇಲೆ ಜೀವನಪೂರ್ತಿ ಒಳ್ಳೆಯವನಾಗಿರು ಎಂಬ ಧಾಟಿಯಲ್ಲಿ ಹಿರಿಯ ಬುದ್ಧಿ ಹೇಳುತ್ತಾನೆ. ಹುಡುಗ ಒಪ್ಪುತ್ತಾನೆ. ಟೀಮ್ ಲೀಡರ್ ಕೊಟ್ಟ ಹಾಳೆ ನನಗೆ ಈ ಜಾಗದಲ್ಲಿ ನೆನಪಾಯಿತು. ಮೊದಲ ಕೆಲಸ, ಮೇಲಿನವರ ಮಾತು, ಕಂಪನಿಯ ಟಾರ್ಗೆಟ್. ಟ್ರಾಯ್ ಬೀಳಬೇಕಲ್ಲ!

ಹುಡುಗ ಸುಳ್ಳನ್ನು ಚೆನ್ನಾಗಿಯೇ ಹೇಳುತ್ತಾನೆ. ತೊಂದರೆ ಬರುವುದು ಎದುರಿನವನಿಂದ. ಹತ್ತು ವರ್ಷದಿಂದ ಗ್ರೀಕ್ ಭಾಷೆ ಕಿವಿಗೆ ಬೀಳದ ಫಿಲೊಕ್ಟೀಟಸ್ ಆ ಭಾಷೆ ಕೇಳಿದ್ದಕ್ಕೇ ಕಣ್ಣೀರು ತುಂಬಿಕೊಳ್ಳುತ್ತಾನೆ, ಹುಡುಗನನ್ನು ಮಗನೇ ಎಂದು ಕರೆಯುತ್ತಾನೆ. ನೋವು ಉಕ್ಕಿ ಬಂದಾಗ ಬಿಲ್ಲನ್ನು ತಾನಾಗಿಯೇ ಅವನ ಕೈಗೆ ಕೊಟ್ಟು, ಎಚ್ಚರವಾದ ಮೇಲೆ ವಾಪಸು ಕೊಡು ಎಂದು ನಂಬಿ ನಿದ್ದೆ ಹೋಗುತ್ತಾನೆ. ಕೆಲಸ ಮುಗಿಯಿತು, ಹಡಗು ಹತ್ತಿದರೆ ಆಯಿತು. ಹುಡುಗ ಅಲ್ಲೇ ನಿಂತುಬಿಡುತ್ತಾನೆ. ಯಾರೂ ಅವನಿಗೆ ನೀತಿ ಹೇಳುವುದಿಲ್ಲ, ಯಾವ ಹೊಸ ವಾದವೂ ಬರುವುದಿಲ್ಲ. ಒಬ್ಬ ಮನುಷ್ಯ ನೋವಿನಿಂದ ಕಿರುಚುವುದನ್ನು ಹತ್ತಿರದಿಂದ ನೋಡಿದ್ದೊಂದೇ. ಕಡೆಗೆ ಸತ್ಯ ಹೇಳುತ್ತಾನೆ. ಆಮೇಲೂ ಬಿಲ್ಲು ಕೂಡಲೇ ವಾಪಸು ಕೊಡುವುದಿಲ್ಲ. ಒಡಿಸ್ಯೂಸ್ ಬಂದು ಎಳೆದುಕೊಂಡು ಹೋಗುತ್ತಾನೆ, ಇವನೂ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತಾನೆ. ಹಿಂದೆ ಒಡಿಸ್ಯೂಸ್ ಸೈನ್ಯದ ಹೆಸರು ಹೇಳಿ ಬೆದರಿಸುತ್ತಿರುವಾಗಲೇ ಬಿಲ್ಲನ್ನು ಅದರ ಒಡೆಯನ ಕೈಗೆ ಇಡುತ್ತಾನೆ.

ನಾನು ಮಾತಾಡಿದ ಒಬ್ಬರು ನಿವೃತ್ತ ಮೇಷ್ಟ್ರು. ನನ್ನ ಊರು ಕೇಳಿ, ಆ ಕಡೆಯವನೇನಪ್ಪಾ ನೀನು ಅಂತ ಖುಷಿಪಟ್ಟು, ನಾನು ಹೇಳಿದ್ದಕ್ಕೆಲ್ಲ ಹೂಂ ಅಂದು ಪಾಲಿಸಿ ತೆಗೆದುಕೊಂಡರು. ನಾನು ತಿರುಗಿ ಫೋನ್ ಮಾಡಲಿಲ್ಲ.

ಹುಡುಗ ಬಿಲ್ಲು ಕೊಟ್ಟ ಮಾತ್ರಕ್ಕೆ ಎಲ್ಲ ಸರಿಯಾಗುವುದೂ ಇಲ್ಲ. ಫಿಲೊಕ್ಟೀಟಸ್ ಟ್ರಾಯ್‌ಗೆ ಬರಲು ಖಂಡಿತ ಒಪ್ಪುವುದಿಲ್ಲ. ಅಲ್ಲಿ ಹೋದರೆ ಕಾಲು ವಾಸಿಯಾಗುತ್ತದೆ, ಕೀರ್ತಿ ಬರುತ್ತದೆ ಎಂದರೂ ಇಲ್ಲ. ಸರಿ, ನಿನ್ನನ್ನು ಮನೆಗೇ ಬಿಡುತ್ತೇನೆ ಎಂದು ಹುಡುಗ ತನ್ನ ಯುದ್ಧ, ಕೀರ್ತಿ ಎಲ್ಲ ಬಿಟ್ಟು ಹೊರಡುತ್ತಾನೆ. ಆಗ ಹೆರಾಕ್ಲಿಸನೇ ಮೇಲಿನಿಂದ ಕಾಣಿಸಿಕೊಂಡು ಇಬ್ಬರೂ ಟ್ರಾಯ್‌ಗೆ ಹೋಗಿ ಎಂದು ಆಜ್ಞೆ ಮಾಡುತ್ತಾನೆ. ಕಥೆ ಪುರಾಣದ ದಾರಿಗೆ ಬರುತ್ತದೆ. ಅದು ಬರಲೇಬೇಕಿತ್ತು, ಟ್ರಾಯ್ ಬಿದ್ದದ್ದು ಎಲ್ಲರಿಗೂ ಗೊತ್ತಲ್ಲ. ಆದರೆ ದೇವರು ಬರುವ ಮೊದಲೇ ಹುಡುಗ ತೀರ್ಮಾನ ಮಾಡಿ ಆಗಿತ್ತು. ಇನ್ನೊಂದು ವಿಷಯ. ‘ಏಜಾಕ್ಸ್’ನಲ್ಲಿ ಸತ್ತ ಶತ್ರುವಿಗೂ ಸಂಸ್ಕಾರ ಆಗಲಿ ಎಂದು ವಾದಿಸುವ ದೊಡ್ಡ ಮನಸ್ಸಿನವನು ಇದೇ ಒಡಿಸ್ಯೂಸ್. ಒಬ್ಬನೇ ಕವಿ ಒಬ್ಬನನ್ನೇ ಹೀಗೆ ಎರಡು ಥರ ಬರೆದ. ಬೇರೆ ದಾರಿ ಇರಲಿಲ್ಲ ಎಂದು ಕೆಟ್ಟದ್ದಕ್ಕೆ ಕೈ ಎತ್ತಿದ ಮುದುಕನೇ, ದಾರಿ ಕಾಣದಿದ್ದರೂ ಕೈ ಹಿಂದೆಗೆದ ಹುಡುಗನನ್ನು ಬರೆದ ಎಂಬುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂಬುದು ನನ್ನ ಊಹೆ ಅಷ್ಟೆ.

ಅವನ ಮುಪ್ಪಿನ ಬಗ್ಗೆ ಕಥೆಗಳು ಬಹಳ. ಅಪ್ಪನಿಗೆ ಅರುಳುಮರುಳು, ಆಸ್ತಿ ನೋಡಿಕೊಳ್ಳಲಾರ ಎಂದು ಮಕ್ಕಳು ಕೋರ್ಟಿಗೆ ಹೋದರಂತೆ. ಆಗ ತಾನೇ ಬರೆಯುತ್ತಿದ್ದ ‘ಕೊಲೋನಸಿನಲ್ಲಿ ಈಡಿಪಸ್’ನಿಂದ ಒಂದು ಭಾಗ ಓದಿ, ಇದನ್ನು ಬರೆದವನಿಗೆ ಬುದ್ಧಿ ಕೆಟ್ಟಿದೆಯೇ ಎಂದು ನ್ಯಾಯಾಧೀಶರನ್ನೇ ಕೇಳಿ ಗೆದ್ದನಂತೆ. ರೋಮಿನ ಸಿಸೆರೊ ಇದನ್ನು ಖುಷಿಯಿಂದ ಹೇಳುತ್ತಾನೆ. ನಿಜವೋ ಸುಳ್ಳೋ, ಆಸ್ತಿ ವ್ಯಾಜ್ಯ ಕಂಡ ಯಾವ ಮನೆಯವರಿಗೂ ಇದು ಹೊಸದೆನಿಸದು. ಹೆಣ್ಣಿನ ಮೋಹ ಈಗಲೂ ಇದೆಯೇ ಎಂದು ಯಾರೋ ಕೇಳಿದ್ದಕ್ಕೆ, ಹುಚ್ಚು ಯಜಮಾನನೊಬ್ಬನಿಂದ ತಪ್ಪಿಸಿಕೊಂಡಷ್ಟು ಹಾಯಾಗಿದೆ ಎಂಬರ್ಥದ ಉತ್ತರ ಕೊಟ್ಟದ್ದು ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಆರಂಭದಲ್ಲೇ ಬರುತ್ತದೆ. ಕವಿಗಳನ್ನು ತನ್ನ ಆದರ್ಶ ರಾಜ್ಯದಿಂದ ಹೊರಗಿಡಬೇಕೆಂದ ಗ್ರಂಥ ಅದು. ಪ್ಲೇಟೋನ ಶಾಲೆ ಇದ್ದದ್ದು ಸೊಫೋಕ್ಲಿಸ್ ಹುಟ್ಟಿದ ಕೊಲೋನಸಿನ ಪಕ್ಕದಲ್ಲೇ.

ಕ್ರಿ.ಪೂ. 406ರಲ್ಲಿ ಯೂರಿಪಿಡೀಸ್ ದೂರದ ಮೆಸಿಡೋನಿಯಾದಲ್ಲಿ ತೀರಿಕೊಂಡ ಸುದ್ದಿ ಬಂತು. ಜೀವಮಾನವಿಡೀ ಇವನ ಪ್ರತಿಸ್ಪರ್ಧಿ. ಉತ್ಸವದ ಮೊದಲಿನ ಸಭೆಗೆ ಸೊಫೋಕ್ಲಿಸ್ ಕಪ್ಪು ಬಟ್ಟೆ ಉಟ್ಟು ಬಂದ, ತನ್ನ ಮೇಳದವರನ್ನು ತಲೆಯ ಹೂಮಾಲೆ ತೆಗೆಸಿ ಕರೆತಂದ. ಜನ ಅತ್ತರು. ಕೆಲವೇ ತಿಂಗಳಲ್ಲಿ ಇವನೂ ಹೋದ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಗಿ ಕೋಟೆ ಕೆಡವಿಸಿಕೊಂಡದ್ದನ್ನು ನೋಡಲು ಅವನಿರಲಿಲ್ಲ.

ಬರೆದ 120ರಲ್ಲಿ ಪೂರ್ತಿ ಉಳಿದದ್ದು ಏಳು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬ ಅಗೆದಾಗ ಸಿಕ್ಕ ಪಪೈರಸ್ ಚೂರುಗಳಲ್ಲಿ ಒಂದು ಹಾಸ್ಯದ ಆಟದ ದೊಡ್ಡ ಭಾಗ ದೊರೆತು 1912ರಲ್ಲಿ ಅಚ್ಚಾಯಿತು.

ಕೊನೆಯ ನಾಟಕ ‘ಕೊಲೋನಸಿನಲ್ಲಿ ಈಡಿಪಸ್’ ಅನ್ನು ಕ್ರಿ.ಪೂ. 401ರಲ್ಲಿ ಆಡಿಸಿದವನು ಅದೇ ಹೆಸರಿನ ಮೊಮ್ಮಗ. ಕಣ್ಣು ಕಳೆದುಕೊಂಡು ಊರೂರು ಅಲೆದ ಮುದಿ ಈಡಿಪಸ್ ಮಗಳ ಕೈ ಹಿಡಿದು ಕವಿಯ ಹುಟ್ಟೂರಿಗೆ ಬರುತ್ತಾನೆ. ಆಲಿವ್ ಮರ, ಕೋಗಿಲೆಯಂಥ ಹಕ್ಕಿಗಳ ಹಾಡು ತುಂಬಿದ ತೋಪು. ಗೊತ್ತಿಲ್ಲದೆ ಮಾಡಿದ್ದಕ್ಕೆ ನಾನು ಎಷ್ಟರಮಟ್ಟಿಗೆ ಹೊಣೆ ಎಂದು ಅಲ್ಲಿನ ಹಿರಿಯರ ಮುಂದೆ ವಾದಿಸುತ್ತಾನೆ. ಕಡೆಗೆ ಆ ತೋಪಿನಲ್ಲೇ ಮಾಯವಾಗುತ್ತಾನೆ. ಎಲ್ಲಿ ಎಂಬುದು ಅಥೆನ್ಸಿನ ರಾಜ ಥೀಸಿಯಸ್ ಒಬ್ಬನಿಗೇ ಗೊತ್ತು. ಅಪ್ಪನ ಸಮಾಧಿ ತೋರಿಸಿ ಎಂದು ಅಂಗಲಾಚಿದ ಮಗಳಿಗೂ ಅವನು ತೋರಿಸುವುದಿಲ್ಲ. ಹಾಗಾದರೆ ನನ್ನನ್ನು ಥೀಬ್ಸ್‌ಗೆ ಕಳಿಸಿಕೊಡಿ, ಅಣ್ಣಂದಿರು ಹೊಡೆದಾಡಿ ಸಾಯುವುದನ್ನಾದರೂ ತಪ್ಪಿಸುತ್ತೇನೆ ಎಂದು ಅವಳು ಹೊರಡುತ್ತಾಳೆ. ಅವಳ ಹೆಸರು ಆಂಟಿಗೊನೆ. ಅಲ್ಲಿ ಹೋದ ಮೇಲೆ ಅವಳಿಗೆ ಏನಾಯಿತೆಂದು ಅಂದು ನೋಡಲು ಕೂತವರಿಗೆಲ್ಲ ನಾಲ್ಕು ದಶಕಗಳಿಂದ ಗೊತ್ತಿತ್ತು.